ವಿಜಾಪುರದ ಚಿತ್ರಕಾರ ಫರ್ರುಖ್ ಹುಸೇನನ ಶೈಲಿವಿಚಾರ

ತುಮಕೂರಿನಿಂದ ಉತ್ತರಕ್ಕೆ ಹೊರಟವರಿಗೆ ಶಿರಾ ಪಟ್ಟಣದಲ್ಲಿ ಮಲಿಕ್ ರೀಹಾನನ ಗೋರಿ ದೊರೆಯುವುದೆಂಬುದು ಈ ಪ್ರಾಂತದ ವಾಚಕರಿಗೆ ವಿದಿತವೇ ಆಗಿದೆ. ಗುಬ್ಬಿ, ಕುಣಿಗಲುಗಳ ಶಾಲೆಗಳಿಂದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಅದರ ಗುಮ್ಮಟವನ್ನು ತೋರಿಸಿ, ‘ಇದು ವಿಜಾಪುರದ ಶೈಲಿ’ ಎಂದು ಹೇಳಿ ಮುಂದೆ ನಡೆಯುವುದು ರೂಢಿ. ಮಾತು ಸುಳ್ಳಲ್ಲ. ಆದಿಲ್‌ಶಾಹಿ ಸೈನ್ಯವು 1638ರ ಸುಮಾರಿಗೆ ಈ ಕಡೆಯ ಸೀಮೆಗಳನ್ನು ಹಿಡಿಯಿತು. ಗೋರಿಯ ಕಾಲ 1651. ಆದರೆ ‘ವಿಜಾಪುರದ ಶೈಲಿ’ ಎಂಬ ಈ ಎರಡು ಪದಗಳೊಳಗೆ ಏನು ಅಡಗಿದೆ, ಅದು ಯಾರ ಕೈಯಲ್ಲಿ ಹೇಗೆ ರೂಪುಗೊಂಡಿತು ಎಂದು ಕೇಳುವವರು ವಿರಳ. ಕಟ್ಟಡಗಳನ್ನು ಕಟ್ಟಿದವರಲ್ಲಿ ಬಹುಮಂದಿಯ ಹೆಸರು ಉಳಿದಿಲ್ಲ. ಚಿತ್ರಗಳಲ್ಲಿ ಕೆಲವಕ್ಕೆ ಹೆಸರುಂಟು. ಆದುದರಿಂದ ಈ ಲೇಖನದಲ್ಲಿ ಶಿಲೆಯನ್ನು ಬಿಟ್ಟು ಕಾಗದವನ್ನು ಹಿಡಿದಿದ್ದೇನೆ.

ಎರಡನೆಯ ಇಬ್ರಾಹೀಂ ಆದಿಲ್‌ಶಾಹನು (ಆಳ್ವಿಕೆ 1580–1627) ಸಂಗೀತಪ್ರಿಯನು. ನವರಸ ಎಂಬ ಪದದಲ್ಲಿ ಅವನಿಗಿದ್ದ ಮೋಹ ಅಷ್ಟಿಷ್ಟಲ್ಲ. ಹಾಡುಗಳ ಪುಸ್ತಕಕ್ಕೆ ‘ಕಿತಾಬ್-ಎ-ನವರಸ್’ ಎಂದೂ, 1599ರಲ್ಲಿ ಕಟ್ಟಲಾರಂಭಿಸಿದ ಹೊಸ ಪಟ್ಟಣಕ್ಕೆ ನವರಸಪುರವೆಂದೂ ಹೆಸರಿಟ್ಟನು. ದಖ್ಖನೀ ಭಾಷೆಯ ಆ ಹಾಡುಗಳಲ್ಲಿ ಸರಸ್ವತಿಯ ಸ್ತುತಿಯಿರುವುದು ಪ್ರಸಿದ್ಧವಾದ ಸಂಗತಿ. ಈ ದೊರೆಯ ಆಸ್ಥಾನವನ್ನು ಪಾರಸಿಯಲ್ಲಿ ವರ್ಣಿಸಿದ ಝುಹೂರಿ ಕವಿಯು ಅಲ್ಲಿದ್ದ ಗುಣಿಗಳನ್ನು ಹೊಗಳುವಾಗ ಫರ್ರುಖ್ ಹುಸೇನನೆಂಬ ಚಿತ್ರಕಾರನನ್ನೂ ಹೆಸರಿಸಿದ್ದಾನೆ.

ಇತ್ತ ಮೊಗಲರ ಚರಿತ್ರೆಯಲ್ಲಿ ಫರ್ರುಖ್ ಬೇಗನೆಂಬ ಒಬ್ಬ ಚಿತ್ರಕಾರನಿದ್ದಾನೆ. ಕಾಬೂಲಿನ ಮಿರ್ಜಾ ಹಕೀಮನು 1585ರಲ್ಲಿ ತೀರಿಕೊಂಡ ಮೇಲೆ ಅವನ ಪರಿವಾರದವರೊಡನೆ ಅಕ್ಬರನ ಬಳಿಗೆ ಬಂದವರಲ್ಲಿ ಇವನೊಬ್ಬನೆಂದು ಅಬುಲ್ ಫಜಲನು ಬರೆದಿದ್ದಾನೆ. ಅಕ್ಬರನ ಚಿತ್ರಶಾಲೆಯಲ್ಲಿ ಒಬ್ಬನು ರೇಖೆ ಎಳೆದರೆ ಮತ್ತೊಬ್ಬನು ವರ್ಣ ತುಂಬುವುದು, ಮುಖಗಳಿಗಾಗಿ ಮೂರನೆಯವನನ್ನು ಕರೆಯುವುದು ವಾಡಿಕೆಯಾಗಿತ್ತು. ಫರ್ರುಖ್ ಬೇಗನಾದರೋ ಸಾಮಾನ್ಯವಾಗಿ ಒಬ್ಬನೇ ಕೆಲಸಮಾಡಿದನು. ಲಂಡನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಅಕ್ಬರ್‌ನಾಮೆಯ ಪ್ರತಿಯಲ್ಲಿ, ಅಕ್ಬರನು ಸೂರತ್ ನಗರವನ್ನು ಪ್ರವೇಶಿಸುವ ಚಿತ್ರ ಇವನದು. ಸುತ್ತಲಿನ ಚಿತ್ರಗಳಲ್ಲಿ ನೂಕುನುಗ್ಗಲು, ಧೂಳು, ಬೆವರು. ಇವನದರಲ್ಲಿ ಮಾತ್ರ ಪಾರಸೀಕ ಶಾಂತಿ. ಆಕೃತಿಗಳು ಒಂದಕ್ಕೊಂದು ತಗಲದೆ, ಛಂದಸ್ಸಿಗೆ ಕೂಡಿಸಿದ ಪದಗಳಂತೆ, ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆ.

ಸುಮಾರು 1595ರ ಅನಂತರ ಈ ಬೇಗನ ಸುಳಿವು ಮೊಗಲರ ಪಕ್ಷದಲ್ಲಿ ಕಾಣೆಯಾಗುತ್ತದೆ. ಮತ್ತೆ ಕಾಣುವುದು 1609ರಲ್ಲಿ. ಅವನಿಗೆ 2000 ರೂಪಾಯಿ ಕೊಟ್ಟೆನೆಂದೂ ಅವನು ಕಾಲದಲ್ಲಿ ಅಸಮಾನನೆಂದೂ ಜಹಾಂಗೀರನು ತನ್ನ ದಿನಚರಿಯಲ್ಲಿ ಹೇಳುತ್ತಾನೆ. ಈ ಮಧ್ಯದ ವರ್ಷಗಳಲ್ಲಿಯೇ ವಿಜಾಪುರದಲ್ಲಿ ಫರ್ರುಖ್ ಹುಸೇನನು ಇರುವುದು. ಇಬ್ಬರೂ ಒಬ್ಬನೇ ಎಂದು 1957ರಲ್ಲಿ ರಾಬರ್ಟ್ ಸ್ಕೆಲ್ಟನ್ ಪಂಡಿತರು ಸೂಚಿಸಿದರು. 1995ರಲ್ಲಿ ಜಾನ್ ಸೈಲರ್ ಅವರು ಆ ಪಕ್ಷಕ್ಕೆ ಮತ್ತಷ್ಟು ಬಲ ಕೊಟ್ಟರು. ಒಪ್ಪದವರೂ ಉಂಟು. ಅವರ ಮುಖ್ಯ ಆಕ್ಷೇಪವಾದರೂ ಏನೆಂದರೆ, ಇಷ್ಟು ಭಿನ್ನವಾದ ಶೈಲಿಗಳು ಒಂದೇ ಕೈಯಿಂದ ಬರಲಾರವು ಎಂಬುದು.

ಈ ಬಗೆಯ ವಾದ ನಮಗೆ ಹೊಸದಲ್ಲ. ಛಂದೋಂಬುಧಿಯ ನಾಗವರ್ಮನೂ ಕರ್ಣಾಟಕ ಕಾದಂಬರಿಯ ನಾಗವರ್ಮನೂ ಒಬ್ಬನೇ ಇಬ್ಬರೇ ಎಂದು ನಮ್ಮ ವಿದ್ವಾಂಸರು ಎಷ್ಟು ಪುಟಗಳನ್ನು ತುಂಬಿಸಿದ್ದಾರೆ! ಶಾಸ್ತ್ರಕ್ಕೆ ಒಂದು ನಡೆ, ಕಾವ್ಯಕ್ಕೆ ಇನ್ನೊಂದು ನಡೆ ಎಂಬುದನ್ನು ಬದಿಗಿಟ್ಟು, ಬರಿಯ ಶೈಲಿಭೇದದಿಂದಲೇ ಕರ್ತೃಭೇದವನ್ನು ಸಾಧಿಸಹೊರಟರೆ ಬಾಳೆಲ್ಲ ಬೆಳೆದ ಯಾವ ಕವಿಯನ್ನಾದರೂ ಇಬ್ಬರನ್ನಾಗಿ ಸೀಳಬಹುದು.

ಹೊರಗಿನ ಸಾಕ್ಷ್ಯವೊಂದು ಇಲ್ಲಿ ಅದೃಷ್ಟವಶಾತ್ ಉಳಿದಿದೆ. ಪ್ರಾಗ್ ನಗರದ ನಾಪ್ರ್ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿ ಇಬ್ರಾಹೀಮನು ತಂಬೂರಿ ನುಡಿಸುತ್ತಿರುವ ಒಂದು ಚಿತ್ರವಿದೆ. ಅದು ಜಹಾಂಗೀರನ ಚಿತ್ರಸಂಪುಟಕ್ಕೆ ಸೇರಿದ್ದ ಪುಟ. ಅದರ ಮೇಲೆ ಮೊಗಲರ ಪ್ರಸಿದ್ಧ ಲಿಪಿಕಾರನಾದ ‘ಜರೀನ್ ಕಲಂ’ ಬಿರುದಿನ ಮಹಮ್ಮದ್ ಹುಸೇನನು, ಇದು ಫರ್ರುಖ್ ಬೇಗನ ಕೃತಿಯೆಂದು ಹಿಜರಿ 1019ರಲ್ಲಿ, ಎಂದರೆ 1610–11ರಲ್ಲಿ ಬರೆದಿದ್ದಾನೆ. ವಿಜಾಪುರದ ದೊರೆ, ಮೊಗಲರ ಲಿಪಿಕಾರ, ಬೇಗನ ಹೆಸರು ಮೂರೂ ಒಂದೇ ಹಾಳೆಯಲ್ಲಿ ಕೂಡಿವೆ. ನನ್ನ ಮಟ್ಟಿಗೆ ಈ ಹಾಳೆಯ ತೂಕ ಮಿಕ್ಕ ತರ್ಕಗಳೆಲ್ಲಕ್ಕಿಂತ ಹೆಚ್ಚು.

ಒಬ್ಬನೇ ಎಂದು ಒಪ್ಪಿದರೆ, ಶೈಲಿಯಲ್ಲಿ ಆದ ಮಾರ್ಪಾಡೇ ಮುಖ್ಯ ವಿಷಯವಾಗಿ ಎದುರಿಗೆ ನಿಲ್ಲುತ್ತದೆ. ಜಯಪುರದ ಸಂಜಯ ಶರ್ಮ ಸಂಗ್ರಹಾಲಯದಲ್ಲಿರುವ, ಸುಮಾರು 1604ರ ಸರಸ್ವತಿಯ ಚಿತ್ರವನ್ನು ನೋಡಿರಿ. ಇದರಲ್ಲಿ ಫರ್ರುಖ್ ಹುಸೇನನ ಹೆಸರಿದೆ. ಇಬ್ರಾಹೀಮನಿಗೆ ಗಣಪತಿಯು ತಂದೆ, ಸರಸ್ವತಿಯು ತಾಯಿ ಎಂಬ ಭಾವದ ಬರಹವೂ ಇದೆ. ದೇವಿಯು ಶ್ವೇತವಸನೆ, ವೀಣಾಪಾಣಿ, ಮುಂದೆ ನವಿಲು. ಲಕ್ಷಣವೆಲ್ಲ ನಮ್ಮ ಕವಿಗಳು ಕೃತ್ಯಾದಿಯಲ್ಲಿ ಸ್ತುತಿಸುವ ದೇವಿಯದೇ. ಆಕೆ ಕುಳಿತಿರುವ ಹೊನ್ನಿನ ಸಿಂಹಾಸನ ಮಾತ್ರ ಪಾರಸೀಕ ಗ್ರಂಥಗಳಲ್ಲಿ ಅರಸರು ಕೂರುವ ಸಿಂಹಾಸನದ ಜಾತಿಯದು. ಚಿತ್ರಕಾರನು ಹೊಸ ನಾಡಿನ ವಸ್ತುವನ್ನು ಅನುಕರಿಸಲಿಲ್ಲ. ತಾನು ಕಲಿತು ತಂದ ಗೌರವದ ಸಂಕೇತಗಳನ್ನೇ ಅದಕ್ಕೆ ಅರ್ಪಿಸಿದನು. ಇಸ್ಲಾಮೀ ಕಲಾಪರಂಪರೆಯನ್ನು ಬಿಟ್ಟುಕೊಟ್ಟನೆಂದು ಕೆಲವರೂ, ಹಿಂದೂ ವಸ್ತುವಿಗೆ ಹೊರವೇಷ ತೊಡಿಸಿದನೆಂದು ಕೆಲವರೂ ಹೇಳಬಹುದು. ಚಿತ್ರದ ಮುಂದೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ.

ಜಹಾಂಗೀರನ ಬಳಿ ಮತ್ತೊಂದು ತಿರುವು ಉಂಟಾಯಿತು. 1615ರ ಒಂದು ಚಿತ್ರ ಈಗ ಅರಬರ ನಾಡಾದ ಕತಾರಿನ ದೋಹಾ ನಗರದ ಇಸ್ಲಾಮೀ ಕಲಾಸಂಗ್ರಹಾಲಯದಲ್ಲಿದೆ. ಮರದಡಿಯ ಪೀಠದಲ್ಲಿ ಬಾಗಿ ಕುಳಿತ ವೃದ್ಧ ಸೂಫಿ. ಬರೆದಾಗ ಚಿತ್ರಕಾರನಿಗೆ ಎಪ್ಪತ್ತು ವರ್ಷವೆಂದು ಅದರ ಮೇಲಿನ ಬರಹ ತಿಳಿಸುತ್ತದೆ. ಇದರ ಮೂಲ ಯೂರೋಪಿನದು: ಮಾರ್ಟನ್ ಡಿ ವೋಸನ ರಚನೆಯನ್ನು ಅನುಸರಿಸಿ ರಾಫೇಲ್ ಸಾಡೆಲರನು ಲೋಹದ ಹಲಗೆಯಲ್ಲಿ ಕೊರೆದು ಅಚ್ಚುಹಾಕಿದ, ದುಃಖವನ್ನು ಮೂರ್ತೀಕರಿಸಿದ ಚಿತ್ರ. ಅಚ್ಚಿನಲ್ಲಿದ್ದದ್ದು ಕಪ್ಪು ಗೆರೆಗಳು ಮಾತ್ರ. ಇಲ್ಲಿಯಾದರೋ ಎಲೆ ಎಲೆಯಾಗಿ ಬಿಡಿಸಿದ ಮಹಾವೃಕ್ಷವು ವೃದ್ಧನ ಮೇಲೆ ಕವಿದಿದೆ. ಸೂರತ್ ಚಿತ್ರದ ಶಾಂತಿ ಬಹು ವರ್ಷ ಕಳೆದ ಮೇಲೆ ಆ ಮರದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಮೂರು ಆಸ್ಥಾನಗಳ ಅನ್ನವುಂಡ ಕೈ ಮರವನ್ನು ಬರೆಯುವ ಬಗೆಯನ್ನು ಮಾತ್ರ ಮರೆತಿರಲಿಲ್ಲ.

ಇನ್ನೊಂದು ಮಾತು ಉಳಿದಿದೆ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಇಬ್ರಾಹೀಮನು ಗಿಡುಗವನ್ನು ಹಿಡಿದು ಕುದುರೆಯೇರಿ ಬೇಟೆಗೆ ಹೊರಟ ಅತ್ಯಂತ ಸುಂದರವಾದ ಚಿತ್ರವೊಂದಿದೆ. ಅದನ್ನೂ ಈತನಿಗೇ ಸೇರಿಸುವುದು ಇಂದಿನ ಪಂಡಿತರ ರೂಢಿ. ನನಗೂ ಹಾಗೆ ನಂಬಲು ಆಸೆಯೇ. ಆದರೆ ಆ ನಿರ್ಣಯ ಬಹುಮಟ್ಟಿಗೆ ಶೈಲಿಯೊಂದನ್ನೇ ಆಧರಿಸಿದೆ. ಶೈಲಿಯಿಂದ ಇಬ್ಬರನ್ನು ಮಾಡಬಾರದೆಂದು ಮೇಲೆ ವಾದಿಸಿದ ನಾನು ಅದೇ ಶೈಲಿಯಿಂದ ಒಂದು ಚಿತ್ರವನ್ನು ಅವನ ಲೆಕ್ಕಕ್ಕೆ ಬರೆಯಲಾರೆನಾದುದರಿಂದ, ಮೇಲಿನ ವಿಚಾರದಲ್ಲಿ ಅದನ್ನು ಸೇರಿಸಿಕೊಂಡಿಲ್ಲ.