ಕಿವಿಯೊಳಗೆ ಬೆಳೆಯುವ ಎಲುಬು

ಕಿವಿ ಮಂದವಾದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಗುಗ್ಗೆ. ಕೂಡಲೇ ಹೇರ್‌ಪಿನ್ನೋ ಬೆಂಕಿಕಡ್ಡಿಯೋ ಕೈಗೆ ಬರುತ್ತದೆ; ಇಲ್ಲವೇ ಬಿಸಿ ಎಣ್ಣೆ ಹನಿಸುತ್ತೇವೆ. ಆದರೆ ದಾರಿಯನ್ನು ಮುಚ್ಚಿರುವುದು ಗುಗ್ಗೆಯಲ್ಲ, ಎಲುಬೇ ಆಗಿದ್ದರೆ?

ಹೊರಗಿನಿಂದ ತಮಟೆಯವರೆಗಿನ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರ ಒಳಭಾಗದ ಗೋಡೆ ಎಲುಬಿನದು. ಮೇಲಿನ ಚರ್ಮ ಬಹಳ ತೆಳು. ತಣ್ಣೀರು, ತಣ್ಣನೆಯ ಗಾಳಿ ವರ್ಷಗಟ್ಟಲೆ ತಾಗುತ್ತಿದ್ದರೆ ಆ ಎಲುಬು ಪದರ ಪದರವಾಗಿ ಉಬ್ಬತೊಡಗುತ್ತದೆ. ಇದನ್ನು ವೈದ್ಯರು ಎಕ್ಸಾಸ್ಟೋಸಿಸ್ ಎನ್ನುತ್ತಾರೆ. ಶೀತಲ ಕಡಲಿನ ಅಲೆಗಳ ಮೇಲೆ ಹಲಗೆಯಾಟ ಆಡುವವರಲ್ಲಿ ಹೆಚ್ಚಾಗಿ ಕಾಣುವುದರಿಂದ ‘ಸರ್ಫರನ ಕಿವಿ’ ಎಂಬ ಹೆಸರೂ ಉಂಟು. ಇದು ಇಂದು ನಿನ್ನೆಯದಲ್ಲ. ನಿಯಾಂಡರ್ತಲ್ ಮಾನವರ ಅವಶೇಷಗಳನ್ನು ಪರೀಕ್ಷಿಸಿದ ಎರಿಕ್ ಟ್ರಿಂಕಾಸ್ ಮತ್ತು ಸಂಗಡಿಗರು, ಸುಮಾರು ಅರ್ಧದಷ್ಟರಲ್ಲಿ ಇಂತಹ ಉಬ್ಬುಗಳನ್ನು ಕಂಡುದಾಗಿ 2019ರಲ್ಲಿ ಪ್ರಕಟಿಸಿದರು.

ನಮ್ಮ ಕಾಸರಗೋಡಿನ ಕಡಲು ಬೆಚ್ಚಗಿನದು. ಆದುದರಿಂದ ಇಲ್ಲಿ ಇದರ ಭಯ ಕಡಮೆ. ಆದರೆ ಆಸ್ಟಿಯೋಮಾ ಎಂಬ ಒಂಟಿ ಎಲುಬುಗಂಟು ತಣ್ಣೀರಿನ ಸಹವಾಸವಿಲ್ಲದವರಿಗೂ ಅಪರೂಪವಾಗಿ ಬರುತ್ತದೆ. ಎರಡೂ ಕ್ಯಾನ್ಸರ್ ಅಲ್ಲ.

ಆರಂಭದಲ್ಲಿ ನೋವಿರುವುದಿಲ್ಲ. ನಾಳ ಕಿರಿದಾದಂತೆ ಮಿಂದ ನೀರು ಒಳಗೇ ನಿಲ್ಲುತ್ತದೆ, ಗುಗ್ಗೆ ಸಿಕ್ಕಿಕೊಳ್ಳುತ್ತದೆ, ಕಿವಿ ಪದೇ ಪದೇ ಸೋರುತ್ತದೆ, ಕೇಳಿಸುವುದು ಕಡಮೆಯಾಗುತ್ತದೆ. ಇಂತಹ ಕಿವಿಗೆ ಕಡ್ಡಿ ಹಾಕಿದರೆ ಗುಗ್ಗೆ ಇನ್ನೂ ಒಳಸರಿಯುತ್ತದೆ, ತೆಳು ಚರ್ಮ ಗಾಯಗೊಳ್ಳುತ್ತದೆ.

ಉಬ್ಬು ಚಿಕ್ಕದಿದ್ದರೆ ಶಸ್ತ್ರಕ್ರಿಯೆ ಬೇಡ. ವೈದ್ಯರಿಂದ ಆಗಾಗ ಕಿವಿ ಶುಚಿಗೊಳಿಸಿ, ಸೋಂಕಿಗೆ ಔಷಧದ ಹನಿ ಹಾಕಿ, ನೀರು ಹೋಗದಂತೆ ಜಾಗ್ರತೆ ವಹಿಸಿದರೆ ಸಾಕು. ಔಷಧದಿಂದ ಎಲುಬು ಕರಗದು. ನಾಳ ಮುಚ್ಚುತ್ತ ಬಂದರೆ ಚರ್ಮವನ್ನು ಸರಿಸಿ, ಸಣ್ಣ ಡ್ರಿಲ್ಲಿನಿಂದಲೋ ಉಳಿಯಿಂದಲೋ ಹೆಚ್ಚಿನ ಎಲುಬನ್ನು ತೆಗೆಯುತ್ತಾರೆ. ತಮಟೆ ಮತ್ತು ಮುಖದ ನರ ಸಮೀಪದಲ್ಲೇ ಇರುವುದರಿಂದ ಇದು ಪಳಗಿದ ಕೈಯ ಕೆಲಸ. ಗಾಯ ಮಾಯಲು ಕೆಲವು ವಾರ ಬೇಕು. ಮತ್ತೆ ತಣ್ಣೀರಿಗಿಳಿಯುವವರು ಕಿವಿಗೆ ಬೆಣೆ ಇಡದಿದ್ದರೆ ಎಲುಬು ಪುನಃ ಬೆಳೆದೀತು.

ಕೊನೆಗೊಂದು ಮಾತು. ನಮ್ಮಲ್ಲಿ ಅನೇಕ ಹಿರಿಯರಿಗೆ ಮಲಯಾಳ ಬಾರದು. ಕಿವಿಯೂ ಕೇಳದಾದರೆ ಆಸ್ಪತ್ರೆಯಲ್ಲಿ ಅವರು ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ಜೊತೆಗೆ ಹೋಗುವ ಮಕ್ಕಳು ಯಾವ ಕಿವಿ, ಎಂದಿನಿಂದ, ಸೋರುತ್ತಿದೆಯೇ, ಮನೆಯಲ್ಲಿ ಏನು ಹಾಕಿದ್ದೇವೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು. ಅವರು ಹೇಳಿದ್ದನ್ನು ಅಜ್ಜನಿಗೋ ಅಜ್ಜಿಗೋ ಕನ್ನಡದಲ್ಲಿ ತಿಳಿಸಬೇಕು. ಅರ್ಧ ಚಿಕಿತ್ಸೆ ಅಲ್ಲಿಂದಲೇ ಆರಂಭ.