ಗರಡಿಯ ಗೆಳೆತನ

ಯಾದಗಿರಿಯು 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈಚೆಗೆ ಇಲ್ಲಿಯೂ ಶಹಾಪುರ, ಸುರಪುರಗಳಲ್ಲಿಯೂ ಕನ್ನಡಿಗೋಡೆಯ ಜಿಮ್ಮುಗಳು ತಲೆಯೆತ್ತಿವೆ. ಅಂಥದೊಂದಕ್ಕೆ ನಾನೂ ವರ್ಷದ ಚಂದಾ ಕಟ್ಟಿದೆ. ಹೋದದ್ದು ಇಪ್ಪತ್ತೇ ದಿನ. ಏಕೆ ಬರಲಿಲ್ಲವೆಂದು ಆಮೇಲೆ ಯಾರೂ ಕೇಳಲಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಿತವಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದಕ್ಕೆ ಯಂತ್ರಗಳಿಗಿಂತ ಬಿಡದೆ ಬರುವ ಅಭ್ಯಾಸವೇ ಮುಖ್ಯವಲ್ಲವೆ?

ನಮ್ಮ ಹಳೆಯ ಗರಡಿಮನೆ ಇದನ್ನು ಅರಿತಿತ್ತು. ಒಂದೇ ಸೂರಿನ ಕೆಳಗೆ ಎಷ್ಟು ಬಗೆಯ ಸಾಧನೆ! ಕಾಲಿಗೆ ಬಸ್ಕಿ, ಭುಜಕ್ಕೆ ಗದೆ, ಬೆನ್ನಿಗೆ ಗುಂಡುಕಲ್ಲು, ಮೈ ಹಗುರಾಗಲು ಮಲ್ಲಗಂಬ, ಕಡೆಗೆ ಕುಸ್ತಿ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬವೇರುವ ತರುಣರನ್ನು ಕಂಡವರಿಗೆ ಇಂಥ ಸಾಧನೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದಗೊಳಿಸುವುದೂ, ಗುದ್ದಲಿಯಿಂದ ಅಗೆದು ಸಡಿಲಿಸುವುದೂ ಹುಡುಗರ ಪಾಲಿನ ಕೆಲಸವೇ. ಇಂದು ನಾನು ಅಗೆದ ಮಣ್ಣಿನ ಮೇಲೆ ನಾಳೆ ನೀನು ಬೀಳುತ್ತೀಯೆ. ನಿನ್ನ ಮೂಳೆ ಉಳಿಯುವುದು ನನ್ನ ದುಡಿಮೆಯಿಂದ. ಇದಕ್ಕಿಂತ ಗಟ್ಟಿಯಾದ ಸದಸ್ಯತ್ವವನ್ನು ನಾನು ಕಂಡಿಲ್ಲ. ಕುಸ್ತಿಗಂತೂ ಜೋಡಿ ಬೇಕೇ ಬೇಕು. ಒಬ್ಬ ತಪ್ಪಿದರೆ ಮತ್ತೊಬ್ಬನ ಆ ದಿನದ ಪಾಠ ನಿಂತಿತು. ಆದ್ದರಿಂದಲೇ ವಸ್ತಾದರು ತಪ್ಪಿದವನ ಮನೆಗೆ ಹೇಳಿಕಳುಹಿಸುವುದು.

ಒಂದು ಕೊರತೆಯನ್ನು ಮುಚ್ಚಿಡಲಾರೆ: ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟಿದ್ದು ವಿರಳ. ಜಿಮ್ಮು ಆ ಬಾಗಿಲನ್ನು ತೆರೆದಿದೆ. ನಾನು ಬಿಟ್ಟಲ್ಲಿಗೆ ಈಗ ನನ್ನ ಮನೆಯಾಕೆ ಹೋಗುತ್ತಾಳೆ, ನೆರೆಯ ಇಬ್ಬರೊಡನೆ. ಒಬ್ಬಳು ತಡಮಾಡಿದರೆ ಉಳಿದಿಬ್ಬರು ಬೆಳಗಿನ ಆರಕ್ಕೇ ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾರೆ.