ಗ್ರಂಥದ ಜಾಲವಿಳಾಸದಲ್ಲಿ ವಿಷಯವಿಭಾಗದ ಸ್ಥಾನ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಬಂಟ್ವಾಳದ ಪೇಟೆಗೆ ದಾರಿ ಕವಲೊಡೆಯುವ ಸ್ಥಳಕ್ಕೆ ಬಿ.ಸಿ.ರೋಡ್ ಎಂದು ಹೆಸರು. ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದರ ಮೊದಲೆರಡು ಪದಗಳ ಆದ್ಯಕ್ಷರಗಳು ನಿಂತು ಈ ರೂಪವು ಸಿದ್ಧಿಸಿರುತ್ತದೆ. ಹುಟ್ಟುವಾಗ ಇದು ಊರಿನ ಹೆಸರಾಗಿರಲಿಲ್ಲ. ಇಂಥ ಊರಿಗೆ ಇಲ್ಲಿಂದ ದಾರಿ ಎಂಬ ವಿವರಣೆ ಮಾತ್ರವಾಗಿದ್ದಿತು. ಈಗಲಾದರೋ ಬಸ್ಸಿನ ನಿರ್ವಾಹಕನು ಆ ಹೆಸರನ್ನು ಕೂಗಿದಾಗ ಅದರ ವಿಗ್ರಹವಾಕ್ಯವನ್ನು ಯಾರೂ ಮನಸ್ಸಿಗೆ ತಂದುಕೊಳ್ಳುವುದಿಲ್ಲ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಯೌಗಿಕವು ರೂಢವಾಯಿತು. ರೂಢವಾದ್ದರಿಂದಲೇ ಸ್ಥಿರವೂ ಆಯಿತು. ಬಂಟ್ವಾಳವೆಂಬ ಹೆಸರಿನ ರೈಲ್ವೆ ನಿಲ್ದಾಣವಿರುವುದೂ ಈ ಕವಲಿನಲ್ಲಿಯೇ ಎಂಬುದು ಬೇರೊಂದು ವಿನೋದ.

ಅಂತರಜಾಲದಲ್ಲಿ ಗ್ರಂಥಕ್ಕೆ ಕೊಡುವ ವಿಳಾಸವನ್ನು ಕುರಿತು ಬರೆಯಹೊರಟವರು ಬಸ್ಸಿನ ನಿಲ್ದಾಣದಿಂದ ಪ್ರಾರಂಭಿಸಿದುದಕ್ಕೆ ವಾಚಕಮಹಾಶಯರು ಕ್ಷಮಿಸಬೇಕು. ಎರಡೆಡೆಯಲ್ಲಿಯೂ ಪ್ರಶ್ನೆ ಒಂದೇ. ಒಂದು ವಸ್ತುವನ್ನು ತಲಪುವ ದಾರಿಯನ್ನು ಆ ವಸ್ತುವಿನ ಹೆಸರನ್ನಾಗಿ ಮಾಡಿದರೆ, ದಾರಿಯು ಬದಲಾದಾಗ ಹೆಸರಿನ ಗತಿಯೇನು?

ಜಾಲವಿಳಾಸದ ರಚನೆಯು ಹೀಗಿದೆ. ಮೊದಲು ಸಂಸ್ಥೆಯ ಜಾಲತಾಣದ ಹೆಸರು. ಅನಂತರ ಓರೆಗೆರೆಗಳಿಂದ ಬೇರ್ಪಟ್ಟ ಒಂದೆರಡು ಪದಗಳು. ಕೊನೆಯಲ್ಲಿ ಗ್ರಂಥದ ಅಥವಾ ಲೇಖನದ ಹೆಸರು. ಅಧಿಕಾರಸೂತ್ರದ ಪದವು ಮುಂದಿನ ಸೂತ್ರಗಳನ್ನೆಲ್ಲ ಆಳುವಂತೆ, ಇಲ್ಲಿಯೂ ಹಿಂದಿನ ಪದವು ಮುಂದಿನದನ್ನು ಆಳುತ್ತದೆ. ತಾಣದ ಹೆಸರೊಂದನ್ನುಳಿದು ಮಿಕ್ಕುದೆಲ್ಲವೂ ತಾಣವನ್ನು ನಡೆಯಿಸುವವರ ಇಚ್ಛೆಗೆ ಸೇರಿದುದು. 2003ರಲ್ಲಿ ಹೊರಟು ಈಗ ಬಹಳ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನೇ ನೋಡಬಹುದು. ಪ್ರಕಟಣೆಯ ವರ್ಷ, ತಿಂಗಳುಗಳನ್ನಿಡಬಹುದು, ಬರಿಯ ಸಂಖ್ಯೆಯನ್ನಿಡಬಹುದು, ಅಥವಾ ನಾವೇ ಕಲ್ಪಿಸಿಕೊಂಡ ವಿಷಯವಿಭಾಗದ ಹೆಸರನ್ನಿಟ್ಟು, ಅದರೊಳಗೆ ಉಪವಿಭಾಗವನ್ನಿಟ್ಟು, ‘ಕಾವ್ಯ – ಸಾಂಗತ್ಯ – ಭರತೇಶವೈಭವ’ ಎಂಬಂತೆ ದಾರಿಯನ್ನು ಕಟ್ಟಬಹುದು. ಕೊನೆಯದು ಓದುವುದಕ್ಕೆ ಸೊಗಸು. ವಿಳಾಸವನ್ನು ಕಂಡ ಮಾತ್ರದಿಂದಲೇ ವಿದ್ಯಾರ್ಥಿಗೆ ಗ್ರಂಥದ ಜಾತಿಯು ತಿಳಿಯುತ್ತದೆ. ಆದುದರಿಂದಲೇ ಅನೇಕರು ಇದನ್ನು ಮೆಚ್ಚುತ್ತಾರೆ. ನಾವೂ ಮೊದಲು ಮೆಚ್ಚಿದವರೇ.

ನಮ್ಮ ಮೆಚ್ಚಿಕೆಯು ಸಡಿಲವಾದುದಕ್ಕೆ ಕಾರಣವನ್ನು ಹೇಳುವೆವು. ಕೆಲವು ವರ್ಷಗಳ ಹಿಂದೆ ಒಂದು ಲೇಖನದಲ್ಲಿ ಪಾಠಭೇದವೊಂದಕ್ಕೆ ಆಧಾರವಾಗಿ ಒಂದು ಸಂಸ್ಥೆಯ ಜಾಲಸೂಚಿಯಲ್ಲಿದ್ದ ಓಲೆಯ ಛಾಯಾಪ್ರತಿಯ ವಿಳಾಸವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೆವು. ಆಮೇಲೆ ಆ ಸಂಸ್ಥೆಯವರು ತಮ್ಮ ವಿಭಾಗಗಳನ್ನು ತಿದ್ದಿ, ‘ಪುರಾಣ’ದಲ್ಲಿದ್ದ ಗ್ರಂಥವನ್ನು ‘ಚಂಪೂಕಾವ್ಯ’ಕ್ಕೆ ಸೇರಿಸಿದರು. ತಿದ್ದಿದುದು ಯುಕ್ತವಾಗಿಯೇ ಇದ್ದಿತು. ಆದರೆ ಪರೀಕ್ಷೆಗಾಗಿ ನಮ್ಮ ಟಿಪ್ಪಣಿಯನ್ನು ಹಿಡಿದು ಹೋದ ಅಧ್ಯಾಪಕರೊಬ್ಬರಿಗೆ ಸಿಕ್ಕಿದುದು ಗ್ರಂಥವಲ್ಲ. ಪುಟವಿಲ್ಲವೆಂದು ಸಾರುವ 404 ಎಂಬ ಸಂಖ್ಯೆ. ಆಧಾರವಿಲ್ಲದೆ ಪಾಠವನ್ನು ಕಲ್ಪಿಸಿದನೆಂಬ ಸಂದೇಹಕ್ಕೆ ನಾವು ಗುರಿಯಾದೆವು. ಓಲೆಯು ಪೆಟ್ಟಿಗೆಯಲ್ಲಿ ಇದ್ದಂತೆಯೇ ಇದ್ದಿತು, ಛಾಯಾಪ್ರತಿಯೂ ಇದ್ದಿತು, ದಾರಿಯಲ್ಲಿದ್ದ ಒಂದು ಪದ ಮಾತ್ರ ಬದಲಾಗಿದ್ದಿತು.

ವಿಭಾಗಗಳು ಬದಲಾಗದಂತೆ ಮೊದಲೇ ಚೆನ್ನಾಗಿ ಮಾಡಬಾರದೇ ಎಂದು ಕೇಳಬಹುದು. ನಮ್ಮ ನೆರೆಯ ಮೂಡುಬಿದಿರೆಯ ಭಂಡಾರಗಳನ್ನು ನೋಡಿದರೆ ಅದು ಸಾಧ್ಯವಲ್ಲವೆಂದು ತೋರುತ್ತದೆ. ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ ಕಾಶಿಯ ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ಮೂಡುಬಿದಿರೆಯ ಜೈನಮಠ, ಜೈನಭವನ, ಸಿದ್ಧಾಂತಬಸದಿಗಳ ಮತ್ತು ಕಾರ್ಕಳ, ಅಳಿಯೂರುಗಳ ಓಲೆಗ್ರಂಥಗಳನ್ನು ವಿದ್ವಲ್ಲೋಕಕ್ಕೆ ಪರಿಚಯ ಮಾಡಿಕೊಟ್ಟಿತು. ಇಂಥ ಭಂಡಾರಕ್ಕೆ ವಿಭಾಗಗಳನ್ನು ಕಲ್ಪಿಸುವವನು ಜೈನಪರಂಪರೆಯವನಾದರೆ ಪ್ರಥಮಾನುಯೋಗ, ಕರಣಾನುಯೋಗ, ಚರಣಾನುಯೋಗ, ದ್ರವ್ಯಾನುಯೋಗ ಎಂಬ ನಾಲ್ಕನ್ನು ಹಿಡಿಯುವನು. ಕನ್ನಡದ ಅಧ್ಯಾಪಕನಾದರೆ ಚಂಪು, ಷಟ್ಪದಿ, ಸಾಂಗತ್ಯ, ಶತಕವೆಂದು ವಿಂಗಡಿಸುವನು. ಮೂಡುಬಿದಿರೆಯವನೇ ಆದ ರತ್ನಾಕರವರ್ಣಿಯ ಭರತೇಶವೈಭವವು ಮೊದಲನೆಯವನಿಗೆ ಪ್ರಥಮಾನುಯೋಗ, ಎರಡನೆಯವನಿಗೆ ಸಾಂಗತ್ಯ. ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವೂ ಅಹುದು, ಕಾವ್ಯಬಂಧವೂ ಅಹುದು. ಒಂದು ವಿಭಾಗವನ್ನೇ ಸತ್ಯವೆಂದು ಹಿಡಿದು ಮತ್ತೊಂದನ್ನು ತಪ್ಪೆನ್ನುವುದು ಹೇಗೆ? ಹೀಗೆ ಎರಡು ವಿಭಾಗಗಳಿಗೂ ಸೇರಿದ ಬರೆಹವು ಬಂದರೆ ಮೇಲೆ ಹೇಳಿದ ತಂತ್ರಾಂಶವು ವಿಳಾಸಕ್ಕೆ ಒಂದನ್ನೇ ತೆಗೆದುಕೊಳ್ಳುತ್ತದೆ. ನಾವು ಬೇರೆ ವಿಧಿಸದಿದ್ದರೆ ಎರಡರಲ್ಲಿ ಮೊದಲು ಸೃಷ್ಟಿಯಾದುದನ್ನು ಆರಿಸುತ್ತದೆ. ವಿಷಯದ ವಿಚಾರವು ಅದಕ್ಕಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಸಿದ್ಧಾಂತಬಸದಿಯ ‘ಮಹಾಧವಲ’ದ ವಿಷಯ. ಧವಲ, ಜಯಧವಲ, ಮಹಾಧವಲ ಎಂದು ಮೂರನ್ನು ಒಟ್ಟಿಗೆ ಹೇಳುವುದು ರೂಢಿಯಾದರೂ ಮೊದಲೆರಡು ವ್ಯಾಖ್ಯಾನಗಳು. ಧವಲವು ಷಟ್ಖಂಡಾಗಮಕ್ಕೆ, ಜಯಧವಲವು ಕಷಾಯಪ್ರಾಭೃತಕ್ಕೆ. ಮೂರನೆಯದಾದರೋ ವ್ಯಾಖ್ಯಾನವಲ್ಲ, ಭೂತಬಲಿಯ ಮಹಾಬಂಧವೆಂಬ ಮೂಲಗ್ರಂಥ, ಷಟ್ಖಂಡಾಗಮದ ಆರನೆಯ ಖಂಡ. ಅದರ ಕಟ್ಟಿನ ಆದಿಯಲ್ಲಿ ಸತ್ಕರ್ಮಪಂಜಿಕೆಯೆಂಬ ಬೇರೆ ಕೃತಿಯೂ ಸೇರಿದ್ದಿತು. 1947ರಲ್ಲಿ ಅಚ್ಚಾಗತೊಡಗಿದಾಗ ಗ್ರಂಥಕ್ಕೆ ಮಹಾಬಂಧವೆಂಬ ಹೆಸರೇ ನಿಂತಿತು. ಹಿಂದೆ ಯಾರಾದರೂ ಇದಕ್ಕೆ ‘ವ್ಯಾಖ್ಯಾನ – ಮಹಾಧವಲ’ ಎಂದು ವಿಳಾಸವನ್ನು ಕೊಟ್ಟಿದ್ದರೆ ವಿಭಾಗವೂ ತಪ್ಪು, ಹೆಸರೂ ತಪ್ಪು, ಒಂದು ಕಟ್ಟಿಗೆ ಒಂದೇ ಕೃತಿಯೆಂಬ ಎಣಿಕೆಯೂ ತಪ್ಪು ಆಗುತ್ತಿದ್ದಿತು. ಸಂಶೋಧನೆಯು ಮುಂದುವರಿದಂತೆಲ್ಲ ವಿಭಾಗವು ಚಲಿಸಲೇಬೇಕು. ಚಲಿಸದಿದ್ದರೆ ಸಂಶೋಧನೆಯೇ ನಡೆಯಲಿಲ್ಲವೆಂದು ತಿಳಿಯತಕ್ಕದ್ದು.

ದೇಶವಾಚಕವಾದ ವಿಭಾಗವಾದರೂ ನಿಲ್ಲುವುದೋ ಎಂದರೆ ಅದೂ ಇಲ್ಲ. 1948ರ ಸೂಚಿಯು ಹೊರಟಾಗ ಕಾರ್ಕಳವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಿತು. 1956ರಲ್ಲಿ ಪ್ರಾಂತವು ಬದಲಾಯಿತು. 1997ರಲ್ಲಿ ಉಡುಪಿ ಜಿಲ್ಲೆಯು ಏರ್ಪಟ್ಟು ಜಿಲ್ಲೆಯೂ ಬದಲಾಯಿತು. ಓಲೆಗಳು ಮಾತ್ರ ಕದಲಬೇಕಾಗಿರಲಿಲ್ಲ.

ಶಬ್ದಗಳ ಪ್ರವೃತ್ತಿಯು ಜಾತಿ, ಗುಣ, ಕ್ರಿಯೆ, ಯದೃಚ್ಛೆ ಎಂದು ನಾಲ್ಕು ಬಗೆಯೆಂಬುದು ಮಹಾಭಾಷ್ಯವನ್ನು ಓದಿದವರಿಗೆ ತಿಳಿದೇ ಇದೆ. ‘ಪುರಾಣ’, ‘ಕಾವ್ಯ’ ಎಂಬುವು ಜಾತಿಶಬ್ದಗಳು. ವಸ್ತುವಿನ ವಿಷಯದಲ್ಲಿ ನಮ್ಮ ತಿಳಿವಳಿಕೆಯನ್ನು ಅವಲಂಬಿಸಿದವು. ಡಿತ್ಥ, ಡವಿತ್ಥ ಮೊದಲಾದ ಯದೃಚ್ಛಾಶಬ್ದಗಳು ಹಾಗಲ್ಲ. ಅವು ವಸ್ತುವಿನ ಗುಣವನ್ನು ಹೇಳುವುದಿಲ್ಲವಾದ್ದರಿಂದ ಎಂದಿಗೂ ಸುಳ್ಳಾಗುವುದಿಲ್ಲ. ಪಾಣಿನಿಯು ಟಿ, ಘು, ಭ ಎಂಬ ಅರ್ಥಶೂನ್ಯವಾದ ಕಿರುಸಂಜ್ಞೆಗಳನ್ನು ಮಾಡಿಕೊಂಡುದು ಲಾಘವಕ್ಕಾಗಿಯಾದರೂ, ಈ ಸ್ಥೈರ್ಯವೂ ಅವುಗಳಲ್ಲಿ ಸೇರಿಬಂದಿದೆ. ಗ್ರಂಥದ ಜಾಲವಿಳಾಸದ ಮರ್ಮಸ್ಥಾನದಲ್ಲಿ ಇಂಥ ಯದೃಚ್ಛಾಸಂಜ್ಞೆಯೇ, ಎಂದರೆ ಒಮ್ಮೆ ಕೊಟ್ಟು ಮತ್ತೆ ಬದಲಿಸದ ಒಂದು ಸಂಖ್ಯೆಯೇ, ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ವಿಭಾಗಗಳು ಬೇಡವೇ? ಬೇಕು. ವ್ಯಾಕರಣದಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಭಟ್ಟೋಜಿದೀಕ್ಷಿತನು ಅಷ್ಟಾಧ್ಯಾಯಿಯ ಕ್ರಮವನ್ನು ಬಿಟ್ಟು, ಸಂಧಿ, ಸುಬಂತ, ಕಾರಕ, ಸಮಾಸ, ತಿಙಂತವೆಂದು ತಾನು ಕಲ್ಪಿಸಿದ ಪ್ರಕರಣಗಳಲ್ಲಿ ಸೂತ್ರಗಳನ್ನು ಹೊಸದಾಗಿ ಜೋಡಿಸಿ ಸಿದ್ಧಾಂತಕೌಮುದಿಯನ್ನು ಮಾಡಿದನು. ಯಣ್‌ಸಂಧಿಯನ್ನು ವಿಧಿಸುವ ಸೂತ್ರವು ಕೌಮುದಿಯಲ್ಲಿ 47ನೆಯದು; ವರದರಾಜನ ಲಘುಕೌಮುದಿಯಲ್ಲಿ 15ನೆಯದು. ಆದರೂ ಪಂಡಿತರು ಅದನ್ನು ನಿರ್ದೇಶಿಸುವಾಗ 6.1.77 ಎಂದೇ ನಿರ್ದೇಶಿಸುತ್ತಾರೆ. ಮೂರನೆಯ ಒಬ್ಬನು ಬಂದು ಇನ್ನೊಂದು ಕ್ರಮದಲ್ಲಿ ಜೋಡಿಸಿದರೂ ಆ ಸಂಖ್ಯೆಗೆ ಹಾನಿಯಿಲ್ಲ. ಪಾಠಶಾಲೆಯ ಹುಡುಗನಿಗೆ ಬೇಕಾದುದು ಪ್ರಕರಣ. ಗ್ರಂಥಾಂತರದಲ್ಲಿ ಉಲ್ಲೇಖಿಸುವವನಿಗೆ ಬೇಕಾದುದು ಸಂಖ್ಯೆ. ಎರಡನ್ನೂ ಒಂದರಲ್ಲಿಯೇ ತುರುಕಲು ಹೋದುದೇ ಈಗಿನ ತೊಡಕಿಗೆ ಮೂಲ.

ಪುಸ್ತಕಭಂಡಾರಗಳಲ್ಲಿಯೂ ಈ ವಿವೇಕವಿದೆ. ಡ್ಯೂಯಿಯು 1876ರಲ್ಲಿ ಹೊರಡಿಸಿದ ದಶಾಂಶಪದ್ಧತಿಯ ಈಗಿನ ರೂಪದಲ್ಲಿ ಕನ್ನಡಸಾಹಿತ್ಯಕ್ಕೆ 894.814 ಎಂಬ ವರ್ಗಸಂಖ್ಯೆ ಇದೆ. 1933ರ ತಮ್ಮ ದ್ವಿಬಿಂದುವರ್ಗೀಕರಣದಲ್ಲಿ ರಂಗನಾಥನ್ ಅವರು ವಿಷಯದ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ ಜೋಡಿಸುವ ಉಪಾಯವನ್ನು ಕಂಡರು. ಆದರೂ ಪುಸ್ತಕವು ಬಂದ ದಿನವೇ ದಾಖಲೆಯ ವಹಿಯಲ್ಲಿ ಕ್ರಮಸಂಖ್ಯೆಯೊಂದು ಬೀಳುತ್ತದೆ. ವರ್ಗವನ್ನು ತಿದ್ದಿ ಪುಸ್ತಕವನ್ನು ಬೇರೆ ಕಪಾಟಿಗೆ ಸಾಗಿಸಿದರೂ ವಹಿಯ ಸಂಖ್ಯೆಯನ್ನು ಯಾರೂ ಮುಟ್ಟುವುದಿಲ್ಲ.

ಇನ್ನು ಲಿಪಿಯ ಮಾತು. ವಿಭಾಗದ ಹೆಸರನ್ನು ಕನ್ನಡದಲ್ಲಿಯೇ ಇಡಬಹುದು. ಇಡುವುದು ನಮಗೆ ಸಂತೋಷವೂ ಹೌದು. ಆದರೆ ವಿಳಾಸವನ್ನು ನಕಲು ಮಾಡಿದಾಗ ಕನ್ನಡದ ಒಂದೊಂದು ಲಿಪ್ಯಂಶವೂ ಮೂರು ಬೈಟುಗಳಾಗಿ, ಬೈಟು ಒಂದಕ್ಕೆ ಶೇಕಡಾ ಚಿಹ್ನೆ ಸೇರಿ ಮೂರು ಗುರುತುಗಳಂತೆ, ಒಂಬತ್ತು ಗುರುತುಗಳಾಗಿ ಹರಡಿಕೊಳ್ಳುವುದುಂಟು. ‘ಕಾವ್ಯ’ ಎಂಬಲ್ಲಿ ಕಕಾರ, ದೀರ್ಘದ ಚಿಹ್ನೆ, ವಕಾರ, ವಿರಾಮ, ಯಕಾರ ಎಂದು ಐದು ಅಂಶಗಳಿರುವುದರಿಂದ ಎರಡಕ್ಷರದ ಮಾತು 45 ಗುರುತುಗಳ ಸರಪಣಿಯಾಗುತ್ತದೆ. ಇದನ್ನು ಅಡಿಟಿಪ್ಪಣಿಯಲ್ಲಿ ಅಚ್ಚುಹಾಕುವ ಮೊಳೆಜೋಡಕನ ಪಾಡೇನು! ರೋಮನ್ ಲಿಪಿಗೆ ಹೋದರೆ ದೀರ್ಘವನ್ನು ತೋರಿಸುವುದೋ ಬಿಡುವುದೋ ಎಂಬ ವಿವಾದ. ಕನ್ನಡದಲ್ಲಿಯೇ ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ ಎಂದು ಬರೆಯುತ್ತಿರುವ ನಮಗೆ ಆ ವಿವಾದವು ಬೇಗನೆ ತೀರುವುದಿಲ್ಲ. ಸಂಖ್ಯೆಯಲ್ಲಿ ಈ ಕಷ್ಟವಿಲ್ಲ.

ಆದುದರಿಂದ ಜಾಲಸೂಚಿಯನ್ನು ಹೊಸದಾಗಿ ಮಾಡುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಕಟ್ಟಿಗೊಂದು, ಅದರೊಳಗಿನ ಕೃತಿಗೊಂದು ಸಂಖ್ಯೆಯನ್ನು ಕೊಟ್ಟು ವಿಳಾಸವನ್ನು ಅದರ ಮೇಲೆ ನಿಲ್ಲಿಸಲಿ. ವಿಭಾಗದ ಪುಟಗಳು ಬೇರೆಯಾಗಿರಲಿ. ಒಂದೇ ಗ್ರಂಥವು ಪ್ರಥಮಾನುಯೋಗದ ಪುಟದಲ್ಲಿಯೂ ಸಾಂಗತ್ಯದ ಪುಟದಲ್ಲಿಯೂ ಕಾಣಿಸಿಕೊಂಡು ಒಂದೇ ಸಂಖ್ಯೆಗೆ ಕರೆದೊಯ್ಯಲಿ. ಓದುವವರ ಸೌಕರ್ಯಕ್ಕಾಗಿ ವಿಭಾಗವನ್ನೂ ಹೆಸರನ್ನೂ ಸಂಖ್ಯೆಯ ಜೊತೆಗೆ ಸೇರಿಸುವುದಾದರೆ, ತಂತ್ರಾಂಶವು ಸಂಖ್ಯೆಯನ್ನು ಮಾತ್ರ ನೋಡುವಂತೆ ಏರ್ಪಡಿಸಬಹುದು. ಆಗ ವಿಭಾಗದ ಪದವು ಹಳೆಯದಾದರೂ ಪುಟವು ದೊರೆಯುತ್ತದೆ. ಈಗಾಗಲೇ ವಿಭಾಗದ ಮೇಲೆ ವಿಳಾಸವನ್ನು ಕಟ್ಟಿದವರು ಅದನ್ನು ತಿದ್ದುವ ಮೊದಲು, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ನಿರ್ದೇಶವನ್ನು ಬರೆದಿಡಬೇಕು. ಇದರಲ್ಲಿ 301 ಎಂಬುದು ಶಾಶ್ವತವಾದ ಸ್ಥಳಾಂತರವನ್ನೂ 302 ಎಂಬುದು ತಾತ್ಕಾಲಿಕವಾದುದನ್ನೂ ಸೂಚಿಸುತ್ತದೆ. ವಿಭಾಗವನ್ನು ತಿದ್ದಿದಲ್ಲಿ ಮೊದಲನೆಯದೇ ಸಲ್ಲುವುದು. ಉಲ್ಲೇಖಿಸುವ ನಾವಾದರೋ ವಿಳಾಸದ ಜೊತೆಗೆ ಭಂಡಾರದ ಹೆಸರು, ಓಲೆಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ನೋಡಿದ ದಿನ ಇವುಗಳನ್ನು ಬಿಡದೆ ಕೊಡತಕ್ಕದ್ದು. ನಮ್ಮ ಮೇಲಿದ್ದ ಸಂದೇಹವು ತೊಲಗಿದುದು ಹಾಗೆಯೇ. ಟಿಪ್ಪಣಿಯಲ್ಲಿ ಕಟ್ಟಿನ ಸಂಖ್ಯೆಯೂ ಇದ್ದುದರಿಂದ ಆ ಅಧ್ಯಾಪಕರು ಭಂಡಾರಕ್ಕೇ ಹೋಗಿ ಗರಿಯನ್ನು ಬಿಚ್ಚಿ ನೋಡಿ ಬಂದರು.